ಹಿತ್ತಲ ಮರಕ್ಕೆ ಯಾವ ಗರಗಸ?

ಹಿತ್ತಲಿನ ಮರ ಸೂರಿನ ಕಡೆ ವಾಲಿದಾಗ, ಅಥವಾ ಅದರ ಬೇರು ಕಾಂಪೌಂಡ್ ಗೋಡೆಯನ್ನು ಸೀಳಿದಾಗ ಮನೆಯವರು ಮೊದಲು ಹುಡುಕುವುದು ಮರ ಕೊಯ್ಯುವ ಆಳನ್ನು. ಕೂಲಿ ಎಷ್ಟು, ಸೌದೆ ಯಾರಿಗೆ ಎಂಬ ಮಾತು ಮುಗಿದರೆ ವ್ಯವಹಾರ ಕುದುರಿದಂತೆ. ಆತ ಯಾವ ಗರಗಸ ತರುತ್ತಾನೆ ಎಂದು ಕೇಳುವವರು ಕಡಿಮೆ. ಕೊಯ್ಯುವವನ ಕೈಕಾಲು ಉಳಿಯುವುದು ಮಾತ್ರ ಬಹುಮಟ್ಟಿಗೆ ಈ ಕೇಳದ ಪ್ರಶ್ನೆಯನ್ನೇ ಅವಲಂಬಿಸಿದೆ. ಗರಗಸದ ಚರಿತ್ರೆಯ ಬಹುಭಾಗ ಮರವನ್ನು ಬೇಗ ಉರುಳಿಸುವ ಉಪಾಯಗಳ ಚರಿತ್ರೆ. ಹಿಡಿದವನನ್ನು ಕಾಪಾಡುವ ಉಪಾಯಗಳು ಬಂದದ್ದು ತೀರ ಈಚೆಗೆ.

ಪ್ರಾಚೀನ ಈಜಿಪ್ಟಿನ ಬಡಗಿಗಳ ಗರಗಸ ತಾಮ್ರದ್ದು. ಮೆತ್ತನೆಯ ಲೋಹವಾದ್ದರಿಂದ ಮುಂದಕ್ಕೆ ತಳ್ಳಿದರೆ ಅಲಗು ಮಡಚಿಕೊಳ್ಳುತ್ತಿತ್ತು. ಆದ್ದರಿಂದ ತನ್ನ ಕಡೆಗೆ ಎಳೆದಾಗ ಕೊಯ್ಯುವಂತೆ ಹಲ್ಲುಗಳನ್ನು ಮಾಡುತ್ತಿದ್ದರು. ಉಕ್ಕು ಬಂದ ಮೇಲೆ ಯುರೋಪು ತಳ್ಳುವ ಗರಗಸಕ್ಕೆ ಹೊರಳಿತು. ಜಪಾನ್ ಹೊರಳಲಿಲ್ಲ. ಎಳೆಯುವಾಗ ಅಲಗು ಬಿಗಿಯಾಗಿ ನಿಲ್ಲುವುದರಿಂದ ಅದನ್ನು ತೆಳ್ಳಗೆ ಮಾಡಬಹುದು, ಶ್ರಮವೂ ಕಡಿಮೆ. ಇಂದು ತೋಟಗಾರಿಕೆ ಅಂಗಡಿಗಳಲ್ಲಿ ಸಿಗುವ ಬಾಗಿದ ಅಲಗಿನ ಕೈಗರಗಸದ ತತ್ವವೂ ಇದೇ.

ಇನ್ನೊಂದು ಹಳೆಯ ತೊಡಕು ಹಸಿ ಮರದ್ದು. ಒಣ ಹಲಗೆಯ ಹೊಟ್ಟು ಉದುರಿ ಹೋಗುತ್ತದೆ. ಹಸಿ ಮರದ ಹೊಟ್ಟು ಒದ್ದೆಯಾಗಿ ಹಲ್ಲುಗಳ ಸಂದಿನಲ್ಲಿ ಮೆತ್ತಿಕೊಂಡು ಅಲಗನ್ನು ಕಚ್ಚಿ ಹಿಡಿಯುತ್ತದೆ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲೀನಿ ಇದಕ್ಕೆ ಪರಿಹಾರವನ್ನೂ ದಾಖಲಿಸಿದ್ದಾನೆ: ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಬೇಕು. ಆಗ ಕೊಯ್ತದ ದಾರಿ ಅಲಗಿಗಿಂತ ಅಗಲವಾಗಿ ಹೊಟ್ಟು ಹೊರಬೀಳುತ್ತದೆ. ನಮ್ಮ ಬಡಗಿಗಳು ‘ಸೆಟ್ ಮಾಡುವುದು’ ಎನ್ನುವುದು ಇದನ್ನೇ. ಬಾಗಿಲು ಕೊಯ್ಯುವ ಗರಗಸವನ್ನು ಹಸಿ ಕೊಂಬೆಗೆ ಹಚ್ಚಿ, ಅದು ಸಿಕ್ಕಿಕೊಂಡಾಗ ಜೋರಾಗಿ ಕಿತ್ತು ಬೆರಳು ಕೊಯ್ದುಕೊಳ್ಳುವವರು ಎರಡು ಸಾವಿರ ವರ್ಷದ ಹಿಂದಿನ ಪಾಠವನ್ನು ಮರೆತವರೇ.

ಮರ ಕೊಯ್ಯುವ ಶ್ರಮವನ್ನು ಲೆಕ್ಕಕ್ಕೆ ತಂದವರು ಭಾರತದ ಗಣಿತಜ್ಞರು. ಸಂಸ್ಕೃತದಲ್ಲಿ ಗರಗಸಕ್ಕೆ ‘ಕ್ರಕಚ’ ಎಂಬ ಹೆಸರಿದೆ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಬರೆದ ಗ್ರಂಥದಲ್ಲಿ ಕ್ರಕಚ ವ್ಯವಹಾರವೆಂಬ ಲೆಕ್ಕದ ವಿಭಾಗವೇ ಇದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನೇ ಮುಂದುವರಿಸಿದ. ದಿಮ್ಮಿಯ ಉದ್ದ, ಅಗಲ, ಎಷ್ಟು ಸಲ ಗರಗಸ ಹಾಯಿಸಬೇಕು ಎಂಬುದರ ಜೊತೆಗೆ ಮರದ ಜಾತಿಯೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಗಟ್ಟಿ ಮರಕ್ಕೆ ಬೆವರು ಹೆಚ್ಚು ಎಂಬುದನ್ನು ರಾಷ್ಟ್ರಕೂಟರ ಕಾಲದ ಪಂಡಿತ ಬಲ್ಲವನಾಗಿದ್ದ. ಹುಣಸೆಗೂ ನುಗ್ಗೆಗೂ ಒಂದೇ ಕೂಲಿ ಹೇಳುವ ಇಂದಿನ ಮನೆ ಯಜಮಾನರಿಗೆ ಆ ಪುಸ್ತಕ ತೋರಿಸಬೇಕು.

ಯಂತ್ರ ಬರುವ ಮುನ್ನ ದಿಮ್ಮಿ ಸೀಳುತ್ತಿದ್ದದ್ದು ಇಬ್ಬರು ಆಳುಗಳ ಗರಗಸ. ಗುಂಡಿಯ ಮೇಲೆ ದಿಮ್ಮಿ, ದಿಮ್ಮಿಯ ಮೇಲೆ ಒಬ್ಬ, ಗುಂಡಿಯೊಳಗೆ ಇನ್ನೊಬ್ಬ. ಮೇಲಿನವನು ಗೆರೆ ನೋಡಿಕೊಳ್ಳುತ್ತಿದ್ದ. ಕೆಳಗಿನವನ ಕಣ್ಣಿಗೆ, ಮೂಗಿಗೆ ದಿನವಿಡೀ ಹೊಟ್ಟು. ಆದರೂ ಈ ಗರಗಸಕ್ಕೆ ಒಂದು ಗುಣವಿತ್ತು. ಕೈ ನಿಂತರೆ ಹಲ್ಲೂ ನಿಲ್ಲುತ್ತಿತ್ತು.

ಕೈ ನಿಂತರೂ ಓಡುವ ಗರಗಸದ ಮೂಲ ಕಾಡಿನಲ್ಲಿಲ್ಲ, ಹೆರಿಗೆ ಕೋಣೆಯಲ್ಲಿದೆ ಎಂಬುದು ವಿಚಿತ್ರವಾದರೂ ನಿಜ. ಶಸ್ತ್ರಚಿಕಿತ್ಸೆಗೂ ಗರಗಸಕ್ಕೂ ನಂಟು ಹಳೆಯದು. ಸುಶ್ರುತ ಸಂಹಿತೆ ಹೇಳುವ ಶಸ್ತ್ರಗಳಲ್ಲಿ ‘ಕರಪತ್ರ’ ಎಂಬ ಗರಗಸವೂ ಒಂದು. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಏಟ್ಕಿನ್ ಮತ್ತು ಜೇಮ್ಸ್ ಜೆಫ್ರಿ ಹಲ್ಲಿರುವ ಸಣ್ಣ ಸರಪಳಿಯೊಂದನ್ನು ಬಳಕೆಗೆ ತಂದರು. ಎರಡೂ ತುದಿಗೆ ಹಿಡಿಕೆ. ಕೈಯಿಂದಲೇ ಅತ್ತಿತ್ತ ಎಳೆಯಬೇಕು. ಹೆರಿಗೆ ಕಷ್ಟವಾದಾಗ ಸೊಂಟದ ಮೃದ್ವಸ್ಥಿಯನ್ನು ಬಿಡಿಸಲು, ಕೊಳೆತ ಮೂಳೆ ತೆಗೆಯಲು ಅದು ನೆರವಾಗುತ್ತಿತ್ತು. 1830ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಕೈಯಿಂದ ತಿರುಗಿಸುವ ಸರಪಳಿಯ ಮೂಳೆಗರಗಸ ಮಾಡಿದ. ಮರಕ್ಕೆ ಸರಪಳಿ ಹಚ್ಚಿ ಯಶಸ್ಸು ಕಾಣಲು ಮತ್ತೆ ಸುಮಾರು 100 ವರ್ಷ ಬೇಕಾಯಿತು.

ಜರ್ಮನಿಯ ಆಂದ್ರೆಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಚೈನ್ ಸಾ ತಯಾರಿಸಿದ. ತೂಕ 64 ಕಿಲೋ. ಹೊರಲು ಇಬ್ಬರು ಬೇಕು. ಮರುವರ್ಷ ಎಮಿಲ್ ಲೆರ್ಪ್ ತನ್ನ ಪೆಟ್ರೋಲ್ ಗರಗಸವನ್ನು ಡೋಲ್ಮಾರ್ ಎಂಬ ಬೆಟ್ಟದಲ್ಲಿ ಪರೀಕ್ಷಿಸಿದ. ಒಬ್ಬನೇ ಹಿಡಿಯಬಲ್ಲ ಸ್ಟಿಲ್ ಯಂತ್ರ ಬಂದದ್ದು 1950ರಲ್ಲಿ.

ಸರಪಳಿಯ ಹಲ್ಲನ್ನು ಪಳಗಿಸಿದ್ದು ಮಾತ್ರ ಒಂದು ಹುಳು. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬಾತ ಮರದ ಕೊರಡಿನೊಳಗೆ ದುಂಬಿಯ ಮರಿಹುಳು ದಾರಿ ಕೊರೆಯುತ್ತಿದ್ದುದನ್ನು ನೋಡಿದ. ಅದರ ಬಾಗಿದ ದವಡೆಗಳು ಎಡಬಲಕ್ಕೆ ಆಡುತ್ತ ಮರದ ಎಳೆಗೆ ಅಡ್ಡಲಾಗಿಯೂ ಉದ್ದಕ್ಕೂ ಸಲೀಸಾಗಿ ಕೊರೆಯುತ್ತಿದ್ದವು. ಕಾಕ್ಸ್ ಅದೇ ಆಕಾರದ ಉಕ್ಕಿನ ಹಲ್ಲು ಮಾಡಿ 1947ರಲ್ಲಿ ಕಂಪನಿ ತೆರೆದ. ಇಂದಿನ ಸರಪಳಿಗಳ ಮೂಲ ಅದೇ ಹಲ್ಲು.

ಯಂತ್ರ ಹಗುರವಾದಂತೆ ಅಪಾಯ ಹಿಡಿದವನ ಮೈಗೆ ಹತ್ತಿರವಾಯಿತು. ಸರಪಳಿಯ ಓಟ ಸೆಕೆಂಡಿಗೆ ಸುಮಾರು 20 ಮೀಟರ್. ಪಟ್ಟಿಯ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಹಲ್ಲು ಕೊಯ್ಯುವ ಬದಲು ಸಿಕ್ಕಿಕೊಂಡು, ಇಡೀ ಗರಗಸ ಹಿಡಿದವನ ಮುಖ, ಕತ್ತಿನತ್ತ ಚಿಮ್ಮುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋಗುವ ಈ ಒದೆತಕ್ಕೆ ಮನುಷ್ಯನ ಎಚ್ಚರ ಸಾಲದು. 1970ರ ದಶಕದಲ್ಲಿ ಮುಂಗೈ ಗುರಾಣಿಗೆ ಜೋಡಿಸಿದ ಚೈನ್ ಬ್ರೇಕ್ ಬಂತು. ಗರಗಸ ಚಿಮ್ಮಿ ಗುರಾಣಿ ಮುಂದಕ್ಕೆ ಬಾಗಿದೊಡನೆ ಸರಪಳಿ ನಿಲ್ಲುತ್ತದೆ. ಅದಕ್ಕೆ ಮೊದಲು, 1960ರ ದಶಕದಲ್ಲಿ, ನಡುಕ ತಡೆಯುವ ಹಿಡಿಕೆ ಬಂದಿತ್ತು. ವರ್ಷಗಟ್ಟಲೆ ನಡುಗುವ ಯಂತ್ರ ಹಿಡಿದ ಕಾಡಿನ ಕೆಲಸಗಾರರ ಬೆರಳು ರಕ್ತ ಹರಿಯದೆ ಬಿಳಿಚಿಕೊಳ್ಳುತ್ತಿದ್ದವು.

ಹಾಗಾದರೆ ಹಿತ್ತಲಿಗೆ ಯಾವುದು? ಮಣಿಕಟ್ಟಿನಷ್ಟು ದಪ್ಪದ ಕೊಂಬೆಗೆ ಎಳೆಯುವ ಕೈಗರಗಸ ಸಾಕು. ಅದಕ್ಕಿಂತ ತುಸು ದಪ್ಪವಿದ್ದರೆ ದೊಡ್ಡ ಹಲ್ಲಿನ ಬಿಲ್ಲುಗರಗಸ. ಎರಡರಲ್ಲೂ ಕೊಂಬೆಯ ಅಡಿಯಿಂದ ಮೊದಲು ಒಂದು ಕಚ್ಚು ಹಾಕಬೇಕು. ಇಲ್ಲವಾದರೆ ಕೊಂಬೆ ಮುರಿಯುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬೀಳುತ್ತದೆ. ಕಾಂಡಕ್ಕೆ ಚೈನ್ ಸಾ ಅನಿವಾರ್ಯವಾದರೆ ಬ್ರೇಕ್ ಕೆಲಸ ಮಾಡುತ್ತದೆಯೇ, ಗುರಾಣಿ ಇದೆಯೇ, ಸರಪಳಿಗೆ ಅರ ಹಾಕಿ ಎಷ್ಟು ದಿನವಾಯಿತು ಎಂದು ಕೇಳಬೇಕು. ಮೊಂಡು ಹಲ್ಲು ಹರಿತ ಹಲ್ಲಿಗಿಂತ ಕೆಟ್ಟದ್ದು, ಏಕೆಂದರೆ ಆಗ ಮನುಷ್ಯ ಒತ್ತುತ್ತಾನೆ. ಏಣಿಯ ಮೇಲೆ, ಭುಜಕ್ಕಿಂತ ಎತ್ತರದಲ್ಲಿ ಈ ಯಂತ್ರ ಸಲ್ಲದು. ಎತ್ತರದ ಕೊಂಬೆಗೆ ಉದ್ದ ಕೋಲಿನ ಗರಗಸವಿದೆ; ಆದರೆ ಕೋಲು ಅಲ್ಯುಮಿನಿಯಂ ಆಗಿದ್ದು ಹತ್ತಿರ ಕರೆಂಟಿನ ತಂತಿ ಇದ್ದರೆ ಅದೂ ಬೇಡ. ಮರಗಸಿಯ ಕಾಲದಲ್ಲಿ ಲೋಹದ ಏಣಿ ತಂತಿಗೆ ತಗುಲಿ ಆಳುಗಳು ಸತ್ತ ಸುದ್ದಿ ಕಾಫಿ ಸೀಮೆಗೆ ಹೊಸತಲ್ಲ.

ಗರಗಸಕ್ಕೆ ಮೊದಲು ಕಾನೂನೂ ಇದೆ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ ಸ್ವಂತ ಹಿತ್ತಲಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಫಿಲಿಪ್ಪೀನ್ಸ್ ಇನ್ನೂ ಮುಂದೆ ಹೋಗಿ 2002ರಲ್ಲಿ ಚೈನ್ ಸಾ ಯಂತ್ರವನ್ನೇ ನೋಂದಣಿಗೆ ಒಳಪಡಿಸಿತು.

ಈಚೆಗೆ ಬ್ಯಾಟರಿ ಗರಗಸಗಳು ಹಗುರ, ಸದ್ದಿಲ್ಲ, ಹೊಗೆಯಿಲ್ಲ ಎಂದು ಮನೆಬಳಕೆಗೆ ಬಂದಿವೆ. ಹಾಗಾಗಿ ಅವು ನಿರಪಾಯ ಎಂದು ನಂಬುವವರಿದ್ದಾರೆ. ಮರ ಕೊಯ್ಯುವವರು ಧರಿಸುವ ರಕ್ಷಣಾ ಪ್ಯಾಂಟಿನಲ್ಲಿ ಉದ್ದನೆಯ ನೂಲಿನ ಪದರಗಳಿರುತ್ತವೆ. ಸರಪಳಿ ಬಟ್ಟೆಗೆ ತಾಗಿದರೆ ಆ ನೂಲುಗಳು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಪೆಟ್ರೋಲ್ ಎಂಜಿನ್ನನ್ನು ಕಟ್ಟಿಹಾಕುತ್ತವೆ. ವಿದ್ಯುತ್ ಮೋಟಾರಿನ ತಿರುಚುವ ಬಲ ಬೇರೆ ರೀತಿಯದು. ನೂಲು ಸುತ್ತಿಕೊಂಡರೂ ಅದು ನಿಲ್ಲುತ್ತದೆಂಬ ಖಾತರಿಯಿಲ್ಲ. ನಮ್ಮಲ್ಲಿ ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ ಮರಕ್ಕೆ ಹತ್ತುವ ದಿನಗೂಲಿಯವನ ಕೈಗೆ ಅದೇ ಗರಗಸವನ್ನು ಕೊಡುತ್ತಿದ್ದಾರೆ.