ಹೆದ್ದಾರಿ ಬದಿಯ ನೆಲ

ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮ ರಾಜ್ಯವನ್ನು ಯು.ಎಸ್. 80 ಹೆದ್ದಾರಿ ಅಡ್ಡಲಾಗಿ ಹಾಯುತ್ತದೆ. ಮಿಸಿಸಿಪ್ಪಿ ಗಡಿಯಿಂದ ಡೆಮೊಪೊಲಿಸ್, ಸೆಲ್ಮಾ, ಮಾಂಟ್ಗೊಮರಿ, ಟಸ್ಕೀಗಿ ಊರುಗಳ ಮೂಲಕ ಪೂರ್ವದ ಜಾರ್ಜಿಯಾ ಸೇರುತ್ತದೆ. ನಡುವಿನ ಸೀಮೆಗೆ ಬ್ಲ್ಯಾಕ್ ಬೆಲ್ಟ್ ಎಂದು ಹೆಸರು. ನಮ್ಮ ಧಾರವಾಡದ ಕಡೆಯಂತೆ ಅಲ್ಲೂ ಎರೆಮಣ್ಣು, ಹತ್ತಿ. ಆ ಹತ್ತಿ ಬೆಳೆದವರು ಆಫ್ರಿಕಾ ಮೂಲದ ಗುಲಾಮರು. 1865ರಲ್ಲಿ ಗುಲಾಮಗಿರಿ ರದ್ದಾದರೂ ನೆಲ ಅವರದಾಗಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಬಹುಪಾಲು ಜನ ಬಿಳಿಯ ಜಮೀನ್ದಾರರ ಹೊಲವನ್ನು ಕೋರಿಗೆ ಮಾಡುತ್ತ ಉಳಿದರು.

ರಸ್ತೆಗೆ 80ರ ಸಂಖ್ಯೆ ಬಂದದ್ದು 1926ರಲ್ಲಿ. ಸೆಲ್ಮಾದಲ್ಲಿ ಅದು ನದಿ ದಾಟುವ ಸೇತುವೆ 1940ರದು. ಗುಲಾಮಗಿರಿ ಉಳಿಸಲು ಕಾದಾಡಿದ ಸೇನಾನಿ ಎಡ್ಮಂಡ್ ಪೆಟಸ್ ಹೆಸರು ಅದಕ್ಕಿದೆ. 1965ರ ಮಾರ್ಚ್ 7ರಂದು ಮತದಾನದ ಹಕ್ಕು ಕೇಳಿ ಈ ಸೇತುವೆ ದಾಟಿದ ಕಪ್ಪು ಜನರನ್ನು ಪೊಲೀಸರು ಬಡಿದು ಹಿಂದಟ್ಟಿದರು. ನ್ಯಾಯಾಲಯದ ಅನುಮತಿ ಪಡೆದು, ಮಾರ್ಟಿನ್ ಲೂಥರ್ ಕಿಂಗ್ ಜೊತೆ ಮಾರ್ಚ್ 21ರಂದು ಅವರು ಮತ್ತೆ ಹೊರಟರು. ಮಾಂಟ್ಗೊಮರಿಗೆ 54 ಮೈಲಿ, ಐದು ದಿನ.

ದಾರಿಯಲ್ಲಿ ಲೌಂಡ್ಸ್ ಕೌಂಟಿ. ಅಲ್ಲಿ ಹತ್ತರಲ್ಲಿ ಎಂಟು ಮಂದಿ ಕಪ್ಪು ಜನ. ಆ ವರ್ಷದ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿ ಅವರ ಒಂದು ಹೆಸರೂ ಇರಲಿಲ್ಲ. ರಸ್ತೆ ಕಿರಿದಾಗುವ ಕಡೆ 300 ಜನ ಮಾತ್ರ ನಡೆಯಬೇಕೆಂದು ಕೋರ್ಟಿನ ಆದೇಶವಿತ್ತು.

ಹಗಲಿಗೆ ಕೋರ್ಟು ರಸ್ತೆ ಕೊಟ್ಟಿತು. ರಾತ್ರಿ ತಂಗುವುದೆಲ್ಲಿ? ಮೊದಲ ಮೂರು ರಾತ್ರಿ ಡೇರೆ ಬಿದ್ದದ್ದು ಡೇವಿಡ್ ಹಾಲ್, ರೋಸಿ ಸ್ಟೀಲ್, ರಾಬರ್ಟ್ ಗಾರ್ಡ್ನರ್ ಎಂಬ ಕಪ್ಪು ರೈತರ ಜಮೀನಿನಲ್ಲಿ. ಕೋರಿನ ರೈತ ಮನಸ್ಸಿದ್ದರೂ ಜಾಗ ಕೊಡುವಂತಿರಲಿಲ್ಲ. ಅವನು ಮಲಗುವ ಮನೆಯೂ ಧಣಿಯದೇ.

ಈ ವ್ಯತ್ಯಾಸದ ಬೆಲೆ ಮೆರವಣಿಗೆ ಮುಗಿದ ಮೇಲೆ ತಿಳಿಯಿತು. ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಹೆಸರು ನೋಂದಾಯಿಸಿದ ರೈತರನ್ನು ಲೌಂಡ್ಸ್‌ನ ಜಮೀನ್ದಾರರು ಒಕ್ಕಲೆಬ್ಬಿಸಿದರು. ಡಿಸೆಂಬರ್ ಚಳಿಯಲ್ಲಿ ಅದೇ ಹೆದ್ದಾರಿಯ ಬದಿ ಮತ್ತೆ ಡೇರೆಗಳೆದ್ದವು, ಈ ಸಲ ಸಂಸಾರಗಳಿಗೆ. ರಾತ್ರಿ ಗುಂಡು ಹಾರಿಸಿ ಹೆದರಿಸಿದರೂ ಕೆಲವು ಕುಟುಂಬಗಳು ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿದ್ದವು. 1970ರಲ್ಲಿ ಆ ಕೌಂಟಿ ತನ್ನ ಮೊದಲ ಕಪ್ಪು ಷೆರಿಫ್ ಆಗಿ ಜಾನ್ ಹ್ಯೂಲೆಟ್ ಅವರನ್ನು ಆರಿಸಿತು.

ಚರಿತ್ರೆಯ ಚಿತ್ರಗಳಲ್ಲಿ ನಾವು ಕಾಣುವುದು ಸೇತುವೆಯನ್ನು, ರಸ್ತೆ ತುಂಬ ನಡೆವ ಜನರನ್ನು. ಹಕ್ಕು ಆ ರಸ್ತೆಯಲ್ಲೇ ಬಂತು, ನಿಜ. ಆದರೆ ಮತ ಹಾಕುವ ದಿನದವರೆಗೆ ಊರು ಬಿಡದೆ ಉಳಿಯಲು ಅದರ ಬದಿಯಲ್ಲೊಂದು ತುಂಡು ನೆಲ ಬೇಕಾಯಿತು.