ಕೇಳಿ ಬರೆದವರ ಸೀಮೆ

ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ, ಚಕ್ರಾ ನದಿಯ ಮಗ್ಗುಲಲ್ಲಿ ವಂಡ್ಸೆ ಇದೆ. ಈ ಊರನ್ನು ನಡುವೆ ಇಟ್ಟುಕೊಂಡು ಬಡಗಿಗೆ ಬೈಂದೂರು ಕಡೆಯ ಮೊಗೇರಿಯವರೆಗೆ, ತೆಂಕಿಗೆ ಕೋಟ, ಬ್ರಹ್ಮಾವರಗಳವರೆಗೆ ನೋಡಿದರೆ ಸಾಕು, ಕನ್ನಡದ ಕೆಲವು ದೊಡ್ಡ ಹೆಸರುಗಳು ಒಂದೇ ಹಗಲಲ್ಲಿ ಸುತ್ತಿ ಬರಬಹುದಾದಷ್ಟು ನೆಲದಲ್ಲಿ ಸಿಗುತ್ತವೆ. 1902ರಲ್ಲಿ ಕೋಟದಲ್ಲಿ ಶಿವರಾಮ ಕಾರಂತರು ಹುಟ್ಟಿದರು, 1918ರಲ್ಲಿ ಮೊಗೇರಿಯಲ್ಲಿ ಗೋಪಾಲಕೃಷ್ಣ ಅಡಿಗರು, 1945ರಲ್ಲಿ ಕುಂದಾಪುರದಲ್ಲಿ ವೈದೇಹಿ. ಇದಕ್ಕೆ ಕಾರಣ ಕೇಳಿದರೆ ಕಡಲು, ಮಳೆ, ಘಟ್ಟದ ಹಸಿರು ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಕಡಲೂ ಮಳೆಯೂ ಕರಾವಳಿಯ ಉದ್ದಕ್ಕೂ ಇವೆ. ನೋಟ ಚೆಲುವಾಗಿದ್ದ ಮಾತ್ರಕ್ಕೆ ಯಾರೂ ಬರಹಗಾರರಾಗುವುದಿಲ್ಲ. ಈ ಸೀಮೆಯ ಬರವಣಿಗೆಯನ್ನು ಬೆಳೆಸಿದ್ದು ಎರಡು ರೂಢಿಗಳು ಎಂಬುದು ನನ್ನ ವಾದ. ಬರೆಯುವ ಮೊದಲು ಕಿವಿಗೊಟ್ಟು ಕೇಳುವುದು ಒಂದು. ಬರವಣಿಗೆಯನ್ನು ಉಳಿದ ಕೆಲಸಗಳಂತೆ ಹೊತ್ತಿಗೆ ಸರಿಯಾಗಿ ಮಾಡಿ ಮುಗಿಸುವ ಕೆಲಸವೆಂದು ತಿಳಿಯುವುದು ಇನ್ನೊಂದು. ಈ ಎರಡೂ ಅಚ್ಚುಕೂಟ ಬರುವುದಕ್ಕೆ ಬಹಳ ಮೊದಲೇ ಇಲ್ಲಿ ಬೇರುಬಿಟ್ಟಿದ್ದವು.

ಮೊದಲ ಸಾಕ್ಷಿ ಯಕ್ಷಗಾನ ಪ್ರಸಂಗಗಳದು. ಅಜಪುರದ, ಅಂದರೆ ಇಂದಿನ ಬ್ರಹ್ಮಾವರದ, ವಿಷ್ಣು ಕವಿಯ ವಿರಾಟಪರ್ವದ ಓಲೆಪ್ರತಿಯನ್ನು ಕಾರಂತರು 1564ರದೆಂದು ಗುರುತಿಸಿದ್ದರು. ಹಟ್ಟಿಯಂಗಡಿಯ ರಾಮಭಟ್ಟರಂಥ ಕವಿಗಳು ಇದೇ ಪರಂಪರೆಗೆ ಸೇರಿದವರು. ಪ್ರಸಂಗಕರ್ತ ಎದುರಿಗಿಟ್ಟುಕೊಂಡದ್ದು ಒಂಟಿಯಾಗಿ ಕುಳಿತು ಓದುವವನನ್ನಲ್ಲ. ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳಗಳ ಹೆಸರು ಇರುತ್ತದೆ. ಪದ್ಯ ಭಾಗವತನ ಬಾಯಲ್ಲಿ ನಿಲ್ಲಬೇಕು, ಮದ್ದಳೆಯ ಪೆಟ್ಟಿಗೆ ಸಲ್ಲಬೇಕು, ವೇಷಧಾರಿಗೆ ಅರ್ಥ ಹೇಳಲು ಎಡೆ ಬಿಡಬೇಕು. ಮಾತು ಕವಿಯ ಕೈಯಲ್ಲಿಲ್ಲ. ಅದನ್ನು ಕಲಾವಿದ ರಂಗದ ಮೇಲೆಯೇ ಕಟ್ಟುತ್ತಾನೆ. ಹಾಗಾಗಿ ಎಲ್ಲವನ್ನೂ ತಾನೇ ಹೇಳಿಬಿಡುವ ಆಸೆಯನ್ನು ಕವಿ ಬಿಡಬೇಕಾಗುತ್ತದೆ. ವಂಡ್ಸೆಗೆ ಹತ್ತಿರದ ಮಾರಣಕಟ್ಟೆ, ತೆಂಕಿನ ಮಂದಾರ್ತಿ ಮೊದಲಾದ ದೇವಸ್ಥಾನಗಳ ಮೇಳಗಳು ಹರಕೆಯ ಬಯಲಾಟಗಳನ್ನು ಊರೂರಿಗೆ ಕೊಂಡೊಯ್ದವು. ಮೇಳಗಳು ಗೆಜ್ಜೆ ಬಿಚ್ಚಿದ ಮಳೆಗಾಲದಲ್ಲಿ ಮನೆಗಳ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಓದು ಬಾರದವರೂ ಒಂದು ಸಾಲು ಎಲ್ಲಿ ಎಡವಿತು ಎಂದು ಹೇಳಬಲ್ಲವರಾಗಿದ್ದರು. ಅಂಥ ಕೇಳುಗರ ನಡುವೆ ಬರೆಯುವವನು ಸಡಿಲವಾಗಿ ಬರೆದು ಪಾರಾಗುವಂತಿರಲಿಲ್ಲ.

ಓಲೆಗರಿಯ ಮೇಲೆ ಕಂಟದಿಂದ ಕೊರೆಯುವುದು ನಿಧಾನದ ಕೆಲಸ. ತಪ್ಪಿದ ಅಕ್ಷರವನ್ನು ಸುಲಭವಾಗಿ ಅಳಿಸುವಂತಿಲ್ಲ, ಆದ್ದರಿಂದ ಸಾಲು ಮನಸ್ಸಿನಲ್ಲಿ ಪೂರ್ತಿ ರೂಪುಗೊಂಡ ಮೇಲೆಯೇ ಕೈ ಆಡಬೇಕು. ಭಾಗವತರು ತಮ್ಮ ಬಳಕೆಗೆ ಪ್ರಸಂಗಗಳನ್ನು ಪ್ರತಿ ಮಾಡಿಕೊಳ್ಳುತ್ತಿದ್ದರು. ಉಡುಪಿಯ ಪಾವಂಜೆ ಗುರುರಾಯರು ಪ್ರಸಂಗಗಳನ್ನು ಅಚ್ಚು ಮಾಡಿಸಿ ಹಂಚಿದ ಮೇಲೂ ಕೈಬರಹದ ಪದ್ಯಪುಸ್ತಕಗಳು ಮರೆಯಾಗಲಿಲ್ಲ. ಹೀಗೆ ಪ್ರತಿ ಮಾಡುವುದೇ ಒಂದು ಕಲಿಕೆ. ಇನ್ನೊಬ್ಬರ ನೂರಾರು ಪದ್ಯಗಳನ್ನು ಅಕ್ಷರ ಬಿಡದೆ ಬರೆದವನಿಗೆ ಛಂದಸ್ಸು ಬೆರಳಿಗೆ ಇಳಿದಿರುತ್ತದೆ. ಅಡಿಗರು ಹುಟ್ಟಿದ ಮೊಗೇರಿಯ ಮನೆತನವೂ ಪಂಚಾಂಗ ರಚನೆಗೆ ಹೆಸರಾದದ್ದು. ಪಂಚಾಂಗ ಯುಗಾದಿಗೆ ಜನರ ಕೈಯಲ್ಲಿರಲೇಬೇಕು. ಸ್ಫೂರ್ತಿ ಬರಲಿಲ್ಲವೆಂದು ಅದನ್ನು ಮುಂದಿನ ವರ್ಷಕ್ಕೆ ತಳ್ಳಲಾಗದು. ಅಲ್ಲಿ ಬರವಣಿಗೆ ಎಂದರೆ ಲೆಕ್ಕ ತಪ್ಪದ, ಗಡುವು ಮೀರದ, ಊರಿಗೆ ಬೇಕಾದ ಕೆಲಸ.

ಈ ಎರಡೂ ರೂಢಿಗಳನ್ನು ಆಧುನಿಕ ಕಾಲಕ್ಕೆ ದಾಟಿಸಿದವರಲ್ಲಿ ಕಾರಂತರು ಮೊದಲಿಗರು. 1920ರ ದಶಕದಲ್ಲಿ ‘ವಸಂತ’ ಪತ್ರಿಕೆ ನಡೆಸುತ್ತ ಅವರು ಬರವಣಿಗೆಯನ್ನು ಗಡುವಿಗೆ ಒಗ್ಗಿಸಿಕೊಂಡರು. ಮುಂದೆ ಪುತ್ತೂರಿನಲ್ಲಿ ತಮ್ಮದೇ ಹರ್ಷ ಪ್ರಕಟಣಾಲಯದಿಂದ ಪುಸ್ತಕಗಳನ್ನು ಹೊರತಂದರು. 47 ಕಾದಂಬರಿಗಳ ಜೊತೆಗೆ ಮೂರು ಸಂಪುಟಗಳ ‘ಬಾಲಪ್ರಪಂಚ’, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಒಬ್ಬರೇ ಕೂತು ಮಾಡಿದ ಕೆಲಸಗಳು. ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಕಾರಂತರು ಕಾದಂಬರಿಯನ್ನು ಕೆಲವೇ ದಿನಗಳಲ್ಲಿ ಬರೆದು ಮುಗಿಸುತ್ತಿದ್ದರು, ತಿದ್ದಲು ಕೂರುತ್ತಿರಲಿಲ್ಲ ಎಂಬುದು ಪ್ರಸಿದ್ಧ, ಅದರಲ್ಲಿ ಶಿಸ್ತು ಎಲ್ಲಿ ಬಂತು? ಕಾಗದದ ಮುಂದೆ ಕಳೆದ ದಿನಗಳನ್ನಷ್ಟೇ ಎಣಿಸಿದರೆ ಈ ಆಕ್ಷೇಪ ಸರಿ. ಆದರೆ 1933ರ ‘ಚೋಮನ ದುಡಿ’ಯ ಹಿಂದೆ ಹಳ್ಳಿಗಳನ್ನು ಕಾಲಲ್ಲಿ ಸುತ್ತಿದ ವರ್ಷಗಳಿದ್ದವು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ದ ಹಿಂದೆ ಓಲೆಪ್ರತಿಗಳನ್ನು ಹುಡುಕಿದ, ಹಳೆಯ ಕಲಾವಿದರನ್ನು ಕೇಳಿ ತಿಳಿದ ದೀರ್ಘ ದುಡಿಮೆ ಇತ್ತು. ಬರೆಯುವ ವೇಗ ಬಂದದ್ದು ಕೇಳಿಟ್ಟುಕೊಂಡ ನಿಧಾನದಿಂದ. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಕಟ್ಟಡವೇ ಮೊಮ್ಮಗ ಅಜ್ಜಿಯ ಮಾತಿಗೆ ಕಿವಿಗೊಡುವುದರ ಮೇಲೆ ನಿಂತಿದೆ. ಸಾಲಿಗ್ರಾಮಕ್ಕೆ ಮರಳಿದ ಮೇಲಿನ ದಶಕಗಳಲ್ಲಿ ಅವರು ಹೇಳಿ ಬರೆಸಿದರು, ಮಾಲಿನಿ ಮಲ್ಯ ಬರೆದುಕೊಂಡರು. ಚದುರಿಹೋಗಿದ್ದ ಕಾರಂತರ ಲೇಖನಗಳನ್ನು ಸಂಪುಟಗಳಾಗಿ ಉಳಿಸಿದವರೂ ಮಾಲಿನಿಯವರೇ.

ಅಡಿಗರ ವಿಷಯದಲ್ಲಿ ಆಕ್ಷೇಪ ಇನ್ನೂ ಗಟ್ಟಿಯಾಗಿದೆ. ಅವರ ನವ್ಯತೆ ಇಂಗ್ಲಿಷ್ ಸಾಹಿತ್ಯದ ಅಧ್ಯಾಪನದಿಂದ, ಎಲಿಯಟ್‌ನ ಓದಿನಿಂದ ಬಂತು, ಅದಕ್ಕೂ ಮೊಗೇರಿಗೂ ಏನು ಸಂಬಂಧ ಎಂದು ಕೇಳಬಹುದು. ಎಲಿಯಟ್‌ನ ಪ್ರಭಾವವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಎಲಿಯಟ್‌ನನ್ನು ಓದಿದ ಕನ್ನಡಿಗರು ಹಲವರಿದ್ದರು. ಆ ಓದನ್ನು ಕನ್ನಡದ ಲಯವಾಗಿಸಿದವರು ಕೆಲವರೇ. 1946ರ ‘ಭಾವತರಂಗ’ದ ಇಂಪಾದ ದಾರಿಯನ್ನು ತಾವೇ ಬಿಟ್ಟು, 1954ರಲ್ಲಿ ಹೊಸ ಸಂಕಲನ ತಂದಾಗ ಅದಕ್ಕೆ ಅವರು ಇಟ್ಟ ಹೆಸರು ‘ಚಂಡೆಮದ್ದಳೆ’. ಆ ಸಂಕಲನದ ಬಿರುಸು ನಡೆ, ಆಡುಮಾತಿನ ಏರಿಳಿತ, ತಾಳ ಕಿತ್ತು ಮತ್ತೆ ಹಿಡಿಯುವ ರೀತಿ ಬಯಲಾಟದ ರಾತ್ರಿಗಳಲ್ಲಿ ಪಳಗಿದ ಕಿವಿಗೆ ಹೊಸತೇನಲ್ಲ. ಒಲಿದುಬಂದ ಶೈಲಿಯನ್ನು ಕೈಬಿಟ್ಟು ಎಂಟು ವರ್ಷ ದುಡಿದು ಇನ್ನೊಂದನ್ನು ಕಟ್ಟಿಕೊಂಡದ್ದಂತೂ ಬರಹಗಾರನ ಶಿಸ್ತಿಗೆ ಅತಿ ಕಠಿಣ ಉದಾಹರಣೆ.

ಇವೆರಡಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ಈ ಪರಂಪರೆಯಲ್ಲಿ ಕಂಟ ಹಿಡಿದವರು ಬಹುಪಾಲು ಅಕ್ಷರಬಲವಿದ್ದ ಜಾತಿಗಳ ಗಂಡಸರು. ಗದ್ದೆಯಲ್ಲಿ ನಟ್ಟಿ ಮಾಡುತ್ತ ಹಾಡಿದವರು, ಅಡುಗೆಮನೆಯಲ್ಲಿ ಕತೆ ಹೇಳಿದವರು ಹೆಸರಿಲ್ಲದೆ ಹೋದರು. ಈ ಮಾತು ನಿಜ, ಮತ್ತು ಅದನ್ನು ಒಪ್ಪದೆ ಇಲ್ಲಿಯ ಬರವಣಿಗೆಯ ಚರಿತ್ರೆ ಬರೆಯುವುದು ಅನ್ಯಾಯ. ಆದರೂ ಕೇಳುವ ರೂಢಿಯೊಳಗೇ ಆ ಕೊರತೆಗೆ ಮದ್ದಿನ ಒಂದು ಪಾಲು ಇತ್ತು. ವೈದೇಹಿಯವರ ಬರಹ ಅದನ್ನು ತೋರಿಸುತ್ತದೆ. ಕುಂದಾಪುರದ ಹೆಂಗಸರು ಆಡುವ ಮಾತು, ಅದರ ತುಂಡರಿಕೆ, ನಡುವಿನ ಮೌನ ಅವರ ಕತೆಗಳಲ್ಲಿ ಸಾಹಿತ್ಯದ ಭಾಷೆಯೇ ಆಯಿತು. 2009ರಲ್ಲಿ ‘ಕ್ರೌಂಚಪಕ್ಷಿಗಳು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಆ ಮಾತಿಗೂ ಮನ್ನಣೆ ದೊರೆಯಿತು. ಕೋಟ ಲಕ್ಷ್ಮೀನಾರಾಯಣ ಕಾರಂತರ ನೆನಪುಗಳನ್ನು, ರಂಗಕರ್ಮಿ ಬಿ.ವಿ. ಕಾರಂತರ ಆತ್ಮಕಥನ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಕೇಳಿ ಬರೆದವರೂ ಅವರೇ. ಇನ್ನೊಬ್ಬರ ಬದುಕಿಗಾಗಿ ತನ್ನ ಲೇಖನಿಯನ್ನು ಹೀಗೆ ಸವೆಸುವುದು ಬರಹಗಾರರಿಗೆ ದೊಡ್ಡ ಪರೀಕ್ಷೆ.

ಆದ್ದರಿಂದ ಬರೆಯಲು ಹೊರಟವರಿಗೆ ಈ ಸೀಮೆಯ ಚರಿತ್ರೆ ಹೇಳುವುದು ಸ್ಪಷ್ಟವಾಗಿದೆ: ಮನಸ್ಸು ಬಂದಾಗ ಬರೆಯುತ್ತೇನೆ ಎನ್ನುವವನಿಗಿಂತ ದಿನವೂ ಕೇಳಿ, ಹೊತ್ತಿಗೆ ಸರಿಯಾಗಿ ಬರೆಯುವವನ ಬರಹ ಉಳಿಯುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಓದುಗರಲ್ಲಿ ಒಂದು ವಿನಂತಿಯೂ ಇದೆ. ಹಳೆಯ ಮನೆ ಕೆಡವಿ ಹೊಸತು ಕಟ್ಟುವಾಗ ಅಟ್ಟದ ಮೇಲಿನ ಓಲೆಕಟ್ಟು, ಭಾಗವತರ ಕೈಬರಹದ ಪದ್ಯಪುಸ್ತಕ, ಅಜ್ಜಿ ಬರೆದಿಟ್ಟ ಹಾಡಿನ ವಹಿ ಸಿಕ್ಕರೆ ಗುಜರಿಗೆ ಹಾಕಬೇಡಿ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಅಲ್ಲಿ ಒಮ್ಮೆ ತೋರಿಸಿ. ಬರೆದಿಡದ ಹಾಡು, ಕತೆಗಳು ಇನ್ನೂ ಹಿರಿಯರ ಬಾಯಲ್ಲಿದ್ದರೆ ಈ ಮಳೆಗಾಲದಲ್ಲೇ ಕೂತು ಕೇಳಿ, ಬರೆದಿಡಿ.