ಮುದಗಲ್ಲ: ಗೆದ್ದವರ ಲೆಕ್ಕ, ಗೋಡೆಯ ಸಾಕ್ಷಿ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನಲ್ಲಿ, ರಾಯಚೂರನ್ನು ಬಿಟ್ಟರೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲದಷ್ಟು ಸಲ ಒಡೆಯರು ಬದಲಾದ ಕೋಟೆಯೂರು ಅಪರೂಪ. ಇಷ್ಟಾಗಿಯೂ ಈ ಊರಿನ ಚರಿತ್ರೆಯನ್ನು ಬಹುಕಾಲ ಬರೆದವರು ಊರಿನವರಲ್ಲ, ಊರಿಗಾಗಿ ಕಾದಾಡಿದವರ ಆಸ್ಥಾನದವರು.

ಮೊದಲ ದೊಡ್ಡ ಆಧಾರ ಪಾರಸಿ ಚರಿತ್ರೆಕಾರ ಫರಿಶ್ತಾ. 1366ರಲ್ಲಿ ವಿಜಯನಗರದ ಬುಕ್ಕರಾಯ ಮುದಗಲ್ಲವನ್ನು ಹಿಡಿದು ಕಾವಲಿನವರನ್ನೆಲ್ಲ ಕೊಲ್ಲಿಸಿದನೆಂದೂ, ಬದುಕಿ ಕಲಬುರಗಿಗೆ ಓಡಿದ ಒಬ್ಬನನ್ನು ಸಂಗಡಿಗರೊಡನೆ ಸಾಯಲಿಲ್ಲವೆಂಬ ಸಿಟ್ಟಿಗೆ ಬಹಮನಿ ಸುಲ್ತಾನನೇ ಕೊಲ್ಲಿಸಿದನೆಂದೂ ಅವನು ಬರೆಯುತ್ತಾನೆ. 1406ರಲ್ಲಿ ವಿಜಯನಗರ, ಬಹಮನಿಗಳ ನಡುವೆ ನಡೆದ ಯುದ್ಧಕ್ಕೆ ಮುದಗಲ್ಲದ ಅಕ್ಕಸಾಲಿಗನ ಮಗಳೊಬ್ಬಳ ಚೆಲುವೇ ಕಾರಣವೆಂಬ ಕಥೆಯೂ ಅವನದೇ. ಫರಿಶ್ತಾ ಬರೆದದ್ದು ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, ಬುಕ್ಕನ ದಾಳಿಯಾಗಿ ಸುಮಾರು 240 ವರ್ಷಗಳ ಮೇಲೆ. ಆಗ ಮುದಗಲ್ಲ ಬಿಜಾಪುರದ್ದೇ. ಎರಡು ರಾಜ್ಯಗಳ ಹಟವನ್ನು ಒಂದು ಹೆಣ್ಣಿನ ತಲೆಗೆ ಕಟ್ಟುವ ಈ ಕಥೆಯನ್ನು ಚರಿತ್ರೆಯೆಂದು ಒಪ್ಪಲು ನನಗೆ ಮನಸ್ಸಿಲ್ಲ. ಎಡೆದೊರೆಯ ಫಲವತ್ತಾದ ಎರೆ ನೆಲ, ಹಟ್ಟಿ ಸುತ್ತಿನ ಚಿನ್ನದ ಗಣಿ, ಹೊಳೆಗಳ ಕಡವು, ಇವಿಷ್ಟೇ ಸಾಕಿತ್ತು ಕಾದಾಡಲು.

ಇನ್ನೊಂದು ದಂಡೆಯ ಮಾತು ಪೋರ್ಚುಗೀಸ್ ವ್ಯಾಪಾರಿ ನೂನಿಜ್‌ನದು. 1520ರ ರಾಯಚೂರು ಯುದ್ಧವನ್ನು ಅವನು ವಿಜಯನಗರದ ಕಡೆಯಿಂದ ವಿವರಿಸುತ್ತಾನೆ. 1900ರಲ್ಲಿ ರಾಬರ್ಟ್ ಸೀವೆಲ್ ಫರಿಶ್ತಾ, ನೂನಿಜ್ ಇಬ್ಬರನ್ನೂ ಎದುರುಬದುರು ಇಟ್ಟು ವಿಜಯನಗರದ ಚರಿತ್ರೆ ಬರೆದಾಗ ಮೊದಲ ಸಲ ತೂಗಿನೋಡುವ ಕೆಲಸ ನಡೆಯಿತು. ಆದರೆ ಅಲ್ಲಿಯೂ ಮುದಗಲ್ಲ ಬರುವುದು ಮುತ್ತಿಗೆಯ ದಿನಗಳಲ್ಲಿ ಮಾತ್ರ. ದಂಡು ಹೋದ ಮೇಲೆ ಊರು ಹೇಗೆ ಬದುಕಿತೆಂಬ ಪ್ರಶ್ನೆಯೇ ಇಲ್ಲ.

ದಿಕ್ಕು ಬದಲಾದದ್ದು ನೆರೆಯ ಮಸ್ಕಿಯಿಂದ. ಹೈದರಾಬಾದ್ ಸಂಸ್ಥಾನ 1914ರಲ್ಲಿ ಪುರಾತತ್ವ ಇಲಾಖೆ ತೆರೆಯಿತು. ಮರುವರ್ಷವೇ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯಲ್ಲಿ ಶಾಸನ ಕಂಡರು, ಎಚ್. ಕೃಷ್ಣಶಾಸ್ತ್ರಿ ಓದಿ ಪ್ರಕಟಿಸಿದರು. ಅದುವರೆಗಿನ ಶಿಲಾಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇದ್ದ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಕಲ್ಲು ಇದು. ಮುಂದೆ ಅದೇ ಹೆಸರು ಸಿಂಧನೂರಿನ ಕಡೆಯಿಂದ ಹೊಳೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿ, ತಾಮ್ರಶಿಲಾಯುಗದವರೆಗೆ ಜನವಸತಿಯ ಪದರಗಳನ್ನು ತೋರಿಸಿದರು. ಸುಲ್ತಾನರು, ರಾಯರು ಬರುವುದಕ್ಕೆ ಎಷ್ಟೋ ಮೊದಲು ಈ ನೆಲಕ್ಕೆ ತನ್ನದೇ ಬಾಳುವೆಯಿತ್ತೆಂಬುದು ಆಗ ಖಚಿತವಾಯಿತು.

ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ ಎಡೆದೊರೆಯ ಕೋಟೆಗಳ ಪಾರಸಿ ಶಾಸನಗಳನ್ನು ಓದಿದರು. ಪಿ.ಬಿ. ದೇಸಾಯಿ 1958ರಲ್ಲಿ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ ತಂದರು. ಕನ್ನಡ ವಿಶ್ವವಿದ್ಯಾಲಯವೂ ರಾಯಚೂರು ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿಸಿದೆ. ಇವುಗಳಿಂದ ಕೆರೆ, ದತ್ತಿ, ಗುಡಿಗಳ ಲೆಕ್ಕ ಹೊರಬಿತ್ತು.

ಕೊನೆಗೆ ಗೋಡೆಯನ್ನೇ ಓದುವ ಕಾಲ ಬಂತು. ರಿಚರ್ಡ್ ಈಟನ್, ಫಿಲಿಪ್ ವ್ಯಾಗನರ್ 2014ರ ಗ್ರಂಥದಲ್ಲಿ ಕಲ್ಯಾಣ, ರಾಯಚೂರು, ವರಂಗಲ್ಲುಗಳನ್ನು ಮುಂದಿಟ್ಟುಕೊಂಡು, ತೋಪು ಬಂದಮೇಲೆ ದಖ್ಖನಿನ ಕೋಟೆಗಳು ಹೇಗೆ ಮಾರ್ಪಟ್ಟವೆಂದು ವಿವರಿಸಿದರು. ಆ ಕಣ್ಣಿನಿಂದ ಮುದಗಲ್ಲವನ್ನು ನೋಡಬೇಕು. ನೀರು ತುಂಬಿದ ಅಗಲ ಕಂದಕ, ಅದರ ಹಿಂದೆ ಎರಡು ಸಾಲು ಬುರುಜು. ತೋಪಿಗೆ ಒಪ್ಪುವಂತೆ ಅಲ್ಲಲ್ಲಿ ಮತ್ತೆ ಕಟ್ಟಿದ ಗುರುತುಗಳಿವೆ. ಕಲ್ಲಿನ ವರಸೆ ಹಳೆಯ ಗುಡಿಗಳ ರೀತಿಯದು, ಮೇಲಿನ ತೆನೆ ಕಮಾನಿನಾಕಾರದ್ದು. ಕಾಟಿ ದರ್ವಾಜದ ಬಳಿಯ ಮಸೀದಿಯ ಕಂಬಗಳೂ ಗುಡಿಯ ಕಂಬಗಳ ಬಗೆಯವೇ. ಗೆದ್ದವನು ಸೋತವನ ಕೋಟೆಯನ್ನು ಕೆಡವಲಿಲ್ಲ, ಅದರ ಮೇಲೆಯೇ ಕಟ್ಟಿದ.

ಇನ್ನೂ ಸರಿಯಾಗಿ ಬರೆಯದೆ ಉಳಿದದ್ದು ಗೋಡೆಯೊಳಗಿನ ಜನರ ಕಥೆ. ಮುದಗಲ್ಲದ ಮೊಹರಂ ಈ ಭಾಗಕ್ಕೆಲ್ಲ ದೊಡ್ಡ ಹಬ್ಬ. ಹುಸೇನಿ ಆಲಂ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಇಲ್ಲಿನ ಹಳ್ಳಿಗಳಲ್ಲಿ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಹಳೆಯ ಕ್ಯಾಥೊಲಿಕ್ ಚರ್ಚೂ ಇದೇ ಊರಿನಲ್ಲಿದೆ. ಇವು ಯಾವ ಮುತ್ತಿಗೆಯ ವರದಿಯಲ್ಲೂ ಇಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಜೋಡಿಸಿ, ಹಿರಿಯರಿರುವಾಗಲೇ ಅವರ ಬಾಯಿಂದ ಪದಗಳನ್ನೂ ಓಣಿಗಳ ನೆನಪನ್ನೂ ದಾಖಲಿಸಿಕೊಳ್ಳಬೇಕು. ಹೊಲ ಸಮ ಮಾಡುವಾಗ ಬರೆಹವಿರುವ ಕಲ್ಲು ಸಿಕ್ಕರೆ ರೈತರು ಅದನ್ನು ಕಾಲುವೆ ಕಟ್ಟೆಗೆ ಹಾಕದೆ ಪುರಾತತ್ವ ಇಲಾಖೆಗೆ ತಿಳಿಸಬೇಕು.